ಹನ್ನೊಂದನೇ ಮನೆಯ ನೆಗೆಟಿವ್

ಕರೆಂಟು ಹೋಗಬಹುದಿತ್ತು. ಬಸವನ ಬಾಗೇವಾಡಿಯಲ್ಲಿ ಭಾನುವಾರ ಅದು ಹೋಗುವುದಕ್ಕೆ ಯಾರ ಅಪ್ಪಣೆಯೂ ಬೇಕಿಲ್ಲ. ಇನ್ವರ್ಟರ್ ಕೈ ಕೊಡಬಹುದಿತ್ತು. ಸೋಲಾಪುರದಿಂದ ತಂದ ಹಳೆಯ ಫಿಲ್ಮ್ ಸ್ಕ್ಯಾನರು ಎರಡು ಸಲ ಗರಗರ ಎಂದು ಕಾಯಂ ಸುಮ್ಮನಾಗಬಹುದಿತ್ತು. ಅದನ್ನು ಗುರುತಿಸುವ ಒಂದೇ ಒಂದು ಮುದಿ ಕಂಪ್ಯೂಟರಿನ ವೈರನ್ನು ಇಲಿ ಕಡಿದಿರಬಹುದಿತ್ತು. ಮೂವತ್ತು ವರ್ಷ ಡಬ್ಬಿಯೊಳಗೆ ಸುರುಳಿ ಸುತ್ತಿಕೊಂಡು ಮಲಗಿದ್ದ ನೆಗೆಟಿವ್ ಬಿಚ್ಚುವಾಗ ಪಟ್ಟನೆ ಸೀಳಬಹುದಿತ್ತು. ಅದಕ್ಕೆ ಬೂಸ್ಟು ಹಿಡಿದಿರಬಹುದಿತ್ತು. ಹಿಡಿದ ಬೂಸ್ಟು ಸರಿಯಾಗಿ ಮುಖದ ಮೇಲೇ ಕುಳಿತಿರಬಹುದಿತ್ತು. ಹಿಂದಿನ ಓಣಿಯಲ್ಲಿ ಜೋಳದ ರಾಶಿ ನಡೆದಿತ್ತು, ಆ ಧೂಳೆಲ್ಲ ಕಿಟಕಿಯಿಂದ ಒಳಗೆ ಬರಬಹುದಿತ್ತು. ಕಿಟಕಿ ಮುಚ್ಚಿದರೆ ನನ್ನ ಹಣೆಯ ಬೆವರು ಫಿಲ್ಮಿನ ಮೇಲೆ ತೊಟ್ಟಿಕ್ಕಬಹುದಿತ್ತು. ಎಲ್ಲ ಸರಿಯಾದರೂ, ನೀಲಮ್ಮ ಅಕ್ಕೋರು ಪರದೆಯನ್ನು ನೋಡಿ ಹೋದ ಸಲದಂತೆ, "ಇವ್ರು ಯಾರ್ರಿ ಅಣ್ಣಾರ?" ಎಂದು ಕೇಳಬಹುದಿತ್ತು.

ಇವನ್ನೆಲ್ಲ ನಾನು ಹಿಂದಿನ ದಿನವೇ ಹಾಳೆಯ ಮೇಲೆ ಬರೆದುಕೊಂಡಿದ್ದೆ. ಒಟ್ಟು ಇಪ್ಪತ್ತೇಳು. ನನ್ನ ಹೆಂಡತಿ ಅದನ್ನು ಓದಿ, "ಭೂಕಂಪ ಬರಕೊಂಡಿಲ್ಲಲ್ಲ" ಎಂದು ನೆನಪು ಮಾಡಿದಳು. ಸೇರಿಸಿದೆ. ಇಪ್ಪತ್ತೆಂಟಾಯಿತು.

ಇಷ್ಟೆಲ್ಲ ಗಾಬರಿ ಜೋಳದ ಕಾಳಿನಷ್ಟು ದೊಡ್ಡ ಒಂದು ಮುಖಕ್ಕಾಗಿ. ಮೂವತ್ತೈದು ಮಿಲಿಮೀಟರಿನ ಕಪ್ಪು ಬಿಳುಪು ಫಿಲ್ಮಿನಲ್ಲಿ ಅದರ ಅಳತೆ ಅಷ್ಟೇ. ಅದು ನೀಲಮ್ಮನವರ ತಾಯಿಯ ಮುಖ. ಆಕೆಯ ಇನ್ನೊಂದು ಫೋಟೋ ಜಗತ್ತಿನಲ್ಲಿ ಇಲ್ಲ. ನೀಲಮ್ಮ ಈಗ ಗೊಳಸಂಗಿಯ ಕಡೆ ಸಾಲಿ ಕಲಿಸುತ್ತಾರೆ; ತಾಯಿ ಹೋದಾಗ ಅವರಿಗೆ ಒಂಬತ್ತು ವರ್ಷ.

ನಾನು ನಿವೃತ್ತ ಫೋಟೋಗ್ರಾಫರ್. ನಿವೃತ್ತ ಎಂದರೆ ಯಾರೂ ಹಾರ ಹಾಕಲಿಲ್ಲ, ಕೈಗಡಿಯಾರ ಕೊಡಲಿಲ್ಲ. ಐವತ್ನಾಲ್ಕನೇ ವಯಸ್ಸಿನಲ್ಲಿ ಒಂದು ಸೋಮವಾರ ಸ್ಟುಡಿಯೋದ ಶಟರ್ ಎಳೆದೆ, ಮಂಗಳವಾರ ತೆಗೆಯಲಿಲ್ಲ. ಈಗ ಈ ಕೆಲಸಕ್ಕೆ ಬರುವ ಹುಡುಗ ಹುಡುಗಿಯರು ಮನೆ ಹುಡುಕಿಕೊಂಡು ಬಂದು ಕೇಳುವ ಮೊದಲ ಪ್ರಶ್ನೆ, ಯಾವ ಕ್ಯಾಮೆರಾ ತಗೊಳ್ಳಲಿ, ಎಷ್ಟು ಮೆಗಾಪಿಕ್ಸೆಲ್ ಇರಬೇಕು. ಇದನ್ನು ಕೇಳಿದಾಗ ನನ್ನ ಬಿಪಿ ಏರುತ್ತದೆ. ಅಡುಗೆ ಕಲಿಯಲು ಬಂದವರು ಬೋಗುಣಿ ಎಷ್ಟು ಲೀಟರಿನದು ಎಂದು ಕೇಳಿದ ಹಾಗೆ. ಮೊದಲು ಒಳ್ಳೆಯದೊಂದು ಲೆನ್ಸ್ ತಗೊಳ್ಳಿ, ಆಮೇಲೆ ಅಲುಗಾಡದ ಟ್ರೈಪಾಡು, ಉಳಿದರೆ ಕ್ಯಾಮೆರಾ. ನಾನು ಇಪ್ಪತ್ತು ವರ್ಷ ಒಂದೇ ಐವತ್ತು ಮಿಲಿಮೀಟರಿನ ಲೆನ್ಸಿನಲ್ಲಿ ಅನ್ನ ತಿಂದೆ. ಆ ಲೆನ್ಸು ಬಾಯಿ ಪೂರ್ತಿ ತೆರೆದಾಗ ಮಂಕಾಗುತ್ತಿತ್ತು. ಬಾಯಿ ಕಿರಿದು ಮಾಡಿ ಎಂಟರ ಅಂಕಿಗೆ ಇಳಿಸಿದರೆ ಗೋಡೆಯ ಬಿರುಕಿನೊಳಗಿನ ಇರುವೆಯನ್ನೂ ಎಣಿಸಬಹುದಿತ್ತು. ನಿಮ್ಮ ಲೆನ್ಸಿಗೆ ಎಲ್ಲಿ ಚೆನ್ನಾಗಿ ಕಾಣುತ್ತದೆ ಎಂಬುದು ನಿಮಗೆ ಗೊತ್ತಿರಬೇಕು. ಪೆಟ್ಟಿಗೆಯ ಮೇಲೆ ಅದನ್ನು ಬರೆದಿರುವುದಿಲ್ಲ.

ನಾನು ಕೆಲಸ ಕಲಿತದ್ದು ಇಂಡಿ ಊರಿನಲ್ಲಿ, ಒಬ್ಬ ಉಸ್ತಾದರ ಹತ್ತಿರ. ಅವರ ಕೈಯಲ್ಲಿ ಪೆನ್ಸಿಲ್ ಇದ್ದರೆ ದೇವರಿಗೂ ಭಯ. ನೆಗೆಟಿವಿನ ಮೇಲೆ ಚೂಪು ಪೆನ್ಸಿಲಿನಿಂದ ತಿದ್ದಿ ಮುಖದ ಕಲೆ, ಸುಕ್ಕು, ಸಿಡುಬಿನ ಗುಳಿ ಎಲ್ಲ ಅಳಿಸುವುದಕ್ಕೆ ಟಚಿಂಗ್ ಎನ್ನುತ್ತಿದ್ದೆವು. ಅದನ್ನು ನನಗೂ ಕಲಿಸಿದರು. ನಾನೂ ಶ್ರದ್ಧೆಯಿಂದ ಕಲಿತೆ, ಅದೇ ತಪ್ಪಾಯಿತು. ಲಚ್ಯಾಣದ ಕಡೆಯ ಒಬ್ಬ ರೈತರು ಯಾವುದೋ ಅರ್ಜಿಗೆಂದು ಫೋಟೋ ತೆಗೆಸಿದರು. ಕೆನ್ನೆಯ ಮೇಲೆ ಕೊಯ್ಲಿನ ಕುಡುಗೋಲು ತಾಗಿದ ಉದ್ದ ಗಾಯದ ಗುರುತು. ನಾನು ಒಂದು ತಾಸು ಕೂತು ಅದನ್ನು ನುಣ್ಣಗೆ ಮಾಯ ಮಾಡಿದೆ. ವಾರ ಬಿಟ್ಟು ಅವರು ಫೋಟೋ ತಂದು ಮೇಜಿನ ಮೇಲೆ ಒಗೆದರು.

"ತಮ್ಮಾ, ಅರ್ಜಿ ಒಳಗ ಗುರುತಿನ ಚಿಹ್ನೆ ಅಂತ ಬಲಗಲ್ಲದ ಗಾಯ ಬರಸೇನಿ. ಫೋಟೋದಾಗ ಗಾಯ ಇಲ್ಲ. ಕಚೇರಿಯವ ಕೇಳತಾನ, ಇದು ನಿನ್ನ ತಮ್ಮಂದೇನು ಅಂತ. ಈಗ ನಾ ಏನ್ ಮಾಡ್ಲಿ, ಹೊಸಾ ಗಾಯ ಮಾಡಕೊಳ್ಳೇನು ಇಲ್ಲಾ ನೀ ಹೊಸಾ ಫೋಟೋ ಕೊಡತಿ?"

ಉಸ್ತಾದರು ಒಳಗಿನಿಂದಲೇ ಕೂಗಿದರು: "ಗಾಯಾ ವಾಪಸ್ ಕೊಡು ಅವರಿಗೆ."

ಅಂದಿನಿಂದ ಮುಖ ತಿದ್ದುವವರನ್ನು ಕಂಡರೆ ನನಗೆ ಆಗುವುದಿಲ್ಲ. ಮೊದಲ ಅಪರಾಧಿ ನಾನೇ ಎನ್ನುವುದು ಬೇರೆ ಮಾತು.

ಅಪರಾಧಗಳ ಮಾತು ಬಂದಾಗ ಮುದ್ದೇಬಿಹಾಳದ ಮದುವೆಯನ್ನೂ ಹೇಳಿ ಮುಗಿಸುತ್ತೇನೆ. ಮೂವತ್ತಾರು ಫೋಟೋ ತೆಗೆದ ಮೇಲೂ ಕ್ಯಾಮೆರಾ ಮೂವತ್ತೇಳು, ಮೂವತ್ತೆಂಟು ಎನ್ನುತ್ತ ಹೋಯಿತು. ಉದಾರವಾದ ಕ್ಯಾಮೆರಾ ಎಂದು ಸಂತೋಷಪಟ್ಟೆ. ನಲವತ್ತೊಂದಕ್ಕೆ ಅನುಮಾನ ಬಂತು. ಫಿಲ್ಮಿನ ತುದಿ ಒಳಗಿನ ಚಕ್ರದ ಹಲ್ಲಿಗೆ ಸಿಕ್ಕಿರಲೇ ಇಲ್ಲ. ತಾಳಿ, ಅಕ್ಷತೆ ಎಲ್ಲ ಗಾಳಿಗೆ ತೆಗೆದಿದ್ದೆ. ಹೆಣ್ಣಿನ ಸೋದರಮಾವ ದೊಡ್ಡ ಮನುಷ್ಯ. ಊಟಕ್ಕೆ ಕುಳಿತಿದ್ದವರನ್ನು ಎಬ್ಬಿಸಿ, "ಏಳ್ರಿ, ಇನ್ನೊಮ್ಮೆ ಅಕ್ಕಿಕಾಳ ಹಾಕೂಣು. ಇವನ ಡಬ್ಬಿಗೆ ಹಸಿವಿ ಇನ್ನೂ ಹಿಂಗಿಲ್ಲಂತ" ಎಂದ. ಇಂದಿಗೂ ಆ ಆಲ್ಬಮ್ಮಿನಲ್ಲಿ ಎಲ್ಲರ ಕೈಯೂ ಹೋಳಿಗೆಯ ತುಪ್ಪದಿಂದ ಹೊಳೆಯುತ್ತದೆ. ಆ ಮೇಲೆ ಫಿಲ್ಮ್ ಹಾಕಿದಾಗಲೆಲ್ಲ, ಮುಂದೆ ಸರಿಸುವಾಗ ಎಡಗಡೆಯ ತಿರುಪು ತಾನೂ ತಿರುಗುತ್ತದೆಯೇ ಎಂದು ನೋಡದೆ ಗುಂಡಿ ಒತ್ತಿದವನಲ್ಲ.

ಸಿಂದಗಿಯದು ನನ್ನ ತಪ್ಪಲ್ಲ, ಅದನ್ನು ಇನ್ನೂ ಸಂತೋಷದಿಂದ ಹೇಳುತ್ತೇನೆ. ಬಣ್ಣದ ಕಾಲ ಬಂದು ಪ್ರಿಂಟುಗಳನ್ನು ಹೊರಗಿನ ಲ್ಯಾಬಿಗೆ ಕಳಿಸುವುದಾದಾಗ, ಲ್ಯಾಬಿನವರು ಅಲ್ಲಿಯ ಒಂದು ಮದುವೆಯ ನೆಗೆಟಿವನ್ನು ಮಗುಚಿ ಹಾಕಿ ದೊಡ್ಡ ಪ್ರಿಂಟ್ ಮಾಡಿಬಿಟ್ಟರು. ಮದುಮಗ ಎಡಗೈಯಲ್ಲಿ ಅಕ್ಷತೆ ಹಾಕುತ್ತಿದ್ದ. ನಾನು ಫೋನಿನಲ್ಲಿ ಕಾಲು ಗಂಟೆ ಬೈದೆ: ಫಿಲ್ಮಿಗೆ ಒಂದು ಹೊಳೆಯುವ ಬದಿ, ಒಂದು ಮಂಕು ಬದಿ ಇರುತ್ತದೆ, ಮಂಕು ಬದಿ ಯಾವುದೆಂದು ನೋಡದವನು ಈ ಕೆಲಸಕ್ಕೆ ಲಾಯಕ್ಕಲ್ಲ, ದನ ಕಾಯುವುದಕ್ಕೂ ಅಲ್ಲ, ಏಕೆಂದರೆ ಅಲ್ಲಿಯೂ ಮುಂದು ಯಾವುದು ಹಿಂದು ಯಾವುದು ನೋಡಬೇಕಾಗುತ್ತದೆ. ಈ ಮಾತು ಆಗ ಬಹಳ ಚೆನ್ನಾಗಿದೆ ಎನ್ನಿಸಿತ್ತು. ಬಂದವರಿಗೆಲ್ಲ ಹೇಳುತ್ತಿದ್ದೆ. ನನ್ನ ಹೆಂಡತಿಗೆ ಬಾಯಿಪಾಠ.

ಇನ್ನು ಹನ್ನೊಂದನೇ ಮನೆ.

ಅಣೆಕಟ್ಟಿನಿಂದ ಹೊಳೆಯ ಹಿನ್ನೀರು ಏರುವುದಿತ್ತು. ಮುಳುಗುವ ಊರುಗಳ ಪ್ರತಿ ಮನೆಯ ಫೋಟೋ ತೆಗೆದು ದಾಖಲೆ ಮಾಡುವ ಕೆಲಸ, ಆಗತಾನೇ ಬಾಗೇವಾಡಿಯಲ್ಲಿ ಸ್ಟುಡಿಯೋ ಹಾಕಿದ್ದ ನನಗೆ ಸಿಕ್ಕಿತು. ಮನೆಯ ನಂಬರನ್ನು ಸುಣ್ಣದಕಡ್ಡಿಯಿಂದ ಒಂದು ಕಪ್ಪು ಹಲಗೆಯ ಮೇಲೆ ಬರೆದು, ಅದನ್ನು ಬಾಗಿಲಿಗೆ ತೂಗುಹಾಕಿ, ಮನೆ ಪೂರ್ತಿ ಬರುವಂತೆ ತೆಗೆಯಬೇಕು. ಜೀಪಿನಲ್ಲಿ ಒಬ್ಬ ಸಾಹೇಬರು. ಅವರು ಕೆಳಗಿಳಿಯುತ್ತಿರಲಿಲ್ಲ, ಕಿಟಕಿಯಿಂದ ಹುಕುಂ ಕೊಡುತ್ತಿದ್ದರು. ಮೊದಲ ಮನೆಯಲ್ಲೇ ಒಬ್ಬ ಅಜ್ಜ ರುಮಾಲು ಸುತ್ತಿಕೊಂಡು, ಮೊಮ್ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ತಾನೂ ನಿಂತ. ಮನೆಯ ಫೋಟೋ ಎಂದರೆ ಮನೆಯವರೂ ಇರುತ್ತಾರೆ ಎಂದು ಅವನ ತಿಳಿವಳಿಕೆ. ನನ್ನದೂ ಅದೇ ಆಗಿತ್ತು.

ಜೀಪಿನಿಂದ ದನಿ ಬಂತು. "ಏ ಫೋಟೋ, ಮಂದೀನ ಸರಸು. ನನಗ ಗ್ವಾಡಿ ಬೇಕು. ಸರ್ಕಾರ ಗ್ವಾಡಿಗೆ ಪರಿಹಾರ ಕೊಡತೈತಿ, ಮಾರಿಗೆ ಕೊಡೂದಿಲ್ಲ."

ಅಜ್ಜ ಮೊಮ್ಮಕ್ಕಳನ್ನು ಕರೆದುಕೊಂಡು ಪಕ್ಕಕ್ಕೆ ಹೋದ. ರುಮಾಲು ಬಿಚ್ಚಲಿಲ್ಲ. ನಾನು ಫೋಟೋ ತೆಗೆದೆ. ಸಾಹೇಬರಿಗೆ ಎದುರು ಮಾತಾಡಬಹುದಿತ್ತು. ಆಡಲಿಲ್ಲ. ಇಪ್ಪತ್ತೈದರ ವಯಸ್ಸಿನಲ್ಲಿ ಹೊಸ ಸ್ಟುಡಿಯೋದವನಿಗೆ ಸರ್ಕಾರಿ ಕೆಲಸ ಕೈತಪ್ಪೀತು ಎಂಬ ಚಿಂತೆಗಿಂತ ದೊಡ್ಡ ಚಿಂತೆ ಇರುವುದಿಲ್ಲ. ಈಗ ಆ ಸಿಟ್ಟು ಬರುತ್ತದೆ. ಸಾಹೇಬರ ಮೇಲೆ ಅರ್ಧ, ಉಳಿದರ್ಧ ಯಾರ ಮೇಲೆಂದು ಬಿಡಿಸಿ ಹೇಳಬೇಕಿಲ್ಲ.

ಹತ್ತನೇ ಮನೆಯಿಂದ ಹನ್ನೊಂದನೆಯದಕ್ಕೆ ಹೋಗುವಾಗ ಹಲಗೆ ನನ್ನ ಕಂಕುಳಿಂದ ಜಾರಿ ಕಲ್ಲಿನ ಮೇಲೆ ಬಿದ್ದು ಎರಡು ಹೋಳಾಯಿತು. ಸಾಹೇಬರು ಹಾರ್ನ್ ಹೊಡೆಯುತ್ತಿದ್ದರು. ಹನ್ನೊಂದನೇ ಮನೆಯ ಹೆಣ್ಣುಮಗಳು ನನ್ನ ಮುಖ ನೋಡಿ ಒಳಗೆ ಹೋಗಿ ಮಗಳು ಸಾಲಿಗೆ ಒಯ್ಯುವ ಪಾಟಿ, ಅಂದರೆ ಸ್ಲೇಟು, ತಂದಳು. ಪಾಟಿಗೆ ತೂಗುಹಾಕಲು ದಾರವಿರಲಿಲ್ಲ. "ನಾನ ಹಿಡಿತೇನಿ ತಗೋರಿ" ಎಂದು ಎರಡು ಗೀಟೆಳೆದು ಹನ್ನೊಂದು ಮಾಡಿದ ಪಾಟಿಯನ್ನು ಎದೆಗೆ ಹಿಡಿದು ನಿಂತಳು. ಅಂಕಿ ಓದಲು ಬರಬೇಕಲ್ಲ, ಬಾಗಿಲಲ್ಲಿ ನಿಂತರೆ ಸಣ್ಣದಾಗುತ್ತದೆ, ಹಾಗಾಗಿ ಹತ್ತು ಹೆಜ್ಜೆ ಮುಂದೆ ಕರೆದೆ. ಕ್ಲಿಕ್ಕೆಂದಿತು. ಪಾಟಿ ನನ್ನ ಸಂಗಡವೇ ಬಂತು, ಹನ್ನೆರಡನೇ ಮನೆಗೆ ಹೋಗುವಷ್ಟರಲ್ಲಿ ಅದರ ಕಟ್ಟಿಗೆಯ ಚೌಕಟ್ಟಿಗೆ ದಾರ ಸಿಕ್ಕಿತು. ಇಡೀ ಊರಿನಲ್ಲಿ ಮನುಷ್ಯರ ಮುಖವಿರುವ ನೆಗೆಟಿವ್ ಅದೊಂದೇ, ಅದೂ ನನ್ನ ಎಡವಟ್ಟಿನಿಂದ. ಕಚೇರಿಗೆ ಕೊಟ್ಟ ಪ್ರಿಂಟಿನಲ್ಲಿ ಸಾಹೇಬರು ಆ ಮುಖವನ್ನೂ ಕತ್ತರಿಸಿ ತೆಗೆದರು. ಗೋಡೆ ಮತ್ತು ಪಾಟಿ ಉಳಿದವು, ಪಾಟಿ ಹಿಡಿದ ಎರಡು ಕೈ ಉಳಿದವು.

ನೆಗೆಟಿವ್ ಮಾತ್ರ ನನ್ನ ಹತ್ತಿರ ಉಳಿಯಿತು. ಕತ್ತರಿಸಿ ಕವರಿನಲ್ಲಿಡಬೇಕಿತ್ತು. ಅವಸರದಲ್ಲಿ ಸುರುಳಿ ಸುತ್ತಿ ಬಿಸ್ಕಿಟಿನ ಡಬ್ಬಿಗೆ ಹಾಕಿದೆ. ಎಳೆಯರೇ, ನೆಗೆಟಿವ್ ಸುರುಳಿ ಸುತ್ತಿ ಇಡಬೇಡಿ. ಮೂವತ್ತು ವರ್ಷವಾದರೂ ಅದು ಸುತ್ತಿದ್ದನ್ನು ಮರೆಯುವುದಿಲ್ಲ.

ಹೋದ ವರ್ಷ ನೀಲಮ್ಮ ಬಂದರು. ಪುನರ್ವಸತಿ ಕೇಂದ್ರದ ಹಿರಿಯರೊಬ್ಬರು ಅವರಿಗೆ ಹೇಳಿದ್ದರಂತೆ, ಅಂದು ಪಾಟಿ ಹಿಡಿದು ಫೋಟೋಕ್ಕೆ ನಿಂತವಳು ನಿಮ್ಮವ್ವ ಎಂದು. ಬಾಗಿಲಲ್ಲೇ ನಿಂತು ಕೇಳಿದ ಮೊದಲ ಮಾತು, "ಅಣ್ಣಾರ, ನನ್ನ ಪಾಟಿ ವಾಪಸ್ ಕೊಟ್ಟಿಲ್ಲ ನೀವು."

ಪಾಟಿ ಸಾಹೇಬರ ಜೀಪಿನಲ್ಲೇ ಹೋಗಿತ್ತು. ನೀಲಮ್ಮನವರೇ ನಕ್ಕು ಒಳಗೆ ಬಂದರು.

"ಅವ್ವನ ಮಾರಿ ನೆನಪಿಗೆ ಬರವಲ್ತರಿ. ತಲಿ ಹಿಕ್ಕಿ ಜಡಿ ಹಾಕುವಾಗ ಹಣಿಗಿ ಕೂದಲಾ ಜಗ್ಗಿದ್ದು ನೆನಪೈತಿ, ಗದ್ದದ ಮ್ಯಾಲಿನ ಹಚ್ಚಿ ಚುಕ್ಕಿ ನೆನಪೈತಿ, ಹುಬ್ಬಿನ ಮ್ಯಾಲ ಎಣ್ಣಿ ಸಿಡಿದ ಕಲೆ ನೆನಪೈತಿ. ಎಲ್ಲಾ ಕೂಡಿಸಿದ್ರ ಮಾರಿ ಆಗವಲ್ದು."

ನಾನು ಆಗಲೇ ಸ್ಟುಡಿಯೋ ಮುಚ್ಚಿದ್ದೆ. ದೊಡ್ಡ ಊರಿನ ಲ್ಯಾಬೊಂದಕ್ಕೆ ನೆಗೆಟಿವ್ ಕಳಿಸಿದೆ. ಅಲ್ಲಿಂದ ಬಂದ ಫೋಟೋವನ್ನು ನೀಲಮ್ಮ ಬಹಳ ಹೊತ್ತು ನೋಡಿದರು. ಬೆಳ್ಳಗಿನ, ನುಣುಪಾದ, ಧಾರಾವಾಹಿಯಲ್ಲಿ ಅತ್ತೆಯ ಪಾತ್ರಕ್ಕೆ ಕರೆಯಬಹುದಾದ ಹೆಂಗಸು. ಹಚ್ಚೆ ಇರಲಿಲ್ಲ. ಕಲೆ ಇರಲಿಲ್ಲ. ಮೂಗು ಯಾರದೋ.

"ಇವ್ರು ಯಾರ್ರಿ ಅಣ್ಣಾರ?"

ನಾನು ಲ್ಯಾಬಿಗೆ ಫೋನ್ ಮಾಡಿದೆ. ಆ ಕಡೆಯಿಂದ ಬಹಳ ವಿನಯದ ದನಿ: "ಸರ್, ಧೂಳು ತೆಗೆಯೋ ಆಪ್ಷನ್ ಹಾಕೇವ್ರಿ. ಆಮ್ಯಾಲ ಸಾಫ್ಟ್‌ವೇರ್ ತಾನ ಮಾರಿ ಕ್ಲಿಯರ್ ಮಾಡೇತ್ರಿ. ಒರಿಜಿನಲ್ಲಿಗಿಂತ ಚಲೋ ಬಂದೈತಲ್ರಿ."

ಇದನ್ನು ಈ ಕೆಲಸಕ್ಕೆ ಬರುವ ಪ್ರತಿಯೊಬ್ಬರೂ ತಿಳಿದುಕೊಳ್ಳಬೇಕು. ಧೂಳು ತೆಗೆಯುವ ಆ ಸೌಲಭ್ಯ ಕಣ್ಣಿಗೆ ಕಾಣದ ಒಂದು ಬೆಳಕನ್ನು ಫಿಲ್ಮಿನ ಮೂಲಕ ಬಿಡುತ್ತದೆ. ಬಣ್ಣದ ಫಿಲ್ಮಿನಲ್ಲಿ ಆ ಬೆಳಕು ಸಲೀಸಾಗಿ ದಾಟುತ್ತದೆ. ದಾಟದಂತೆ ಅಡ್ಡ ಬಂದದ್ದು ಧೂಳು ಎಂದು ಯಂತ್ರ ಲೆಕ್ಕ ಹಾಕಿ ಅಳಿಸುತ್ತದೆ. ಕಪ್ಪು ಬಿಳುಪು ಫಿಲ್ಮಿನಲ್ಲಿ ಚಿತ್ರವೇ ಬೆಳ್ಳಿಯ ಕಣ. ಬೆಳ್ಳಿ ಆ ಬೆಳಕಿಗೆ ಅಡ್ಡ ಬರುತ್ತದೆ. ಅಂದರೆ ಯಂತ್ರ ಒಬ್ಬ ಹೆಣ್ಣುಮಗಳ ಮುಖವನ್ನೇ ಧೂಳೆಂದು ತಿಳಿದು ಒರೆಸಿತು. ಒರೆಸಿದ ಜಾಗಕ್ಕೆ ಇನ್ನೊಂದು ಯಂತ್ರ ತನಗೆ ತೋಚಿದ ಮುಖ ಕೂಡಿಸಿತು. ಸಾಹೇಬರು ಕತ್ತರಿಯಿಂದ ಕತ್ತರಿಸಿದರು. ಇವರು ವಿನಯದಿಂದ ಕತ್ತರಿಸಿದರು. ಚಲೋ ಬಂದಿದೆಯಂತೆ. ಯಾರಿಗೆ?

ಆ ಸಿಟ್ಟಿನಲ್ಲಿ ನಾನೇ ಸ್ಕ್ಯಾನ್ ಮಾಡುತ್ತೇನೆಂದು ಮಾತು ಕೊಟ್ಟೆ. ಮಾತು ಕೊಟ್ಟ ಮೇಲೆ ಹದಿನೈದು ದಿನ ನಿದ್ದೆ ಬರಲಿಲ್ಲ. ಮನೆಯಲ್ಲಿ ಕಾಗದ ಸ್ಕ್ಯಾನ್ ಮಾಡುವ ಚಪ್ಪಟೆ ಯಂತ್ರವಿತ್ತು, ಅದಕ್ಕೆ ಫಿಲ್ಮಿನ ದೀಪವೂ ಇತ್ತು. ಹಾಕಿ ನೋಡಿದೆ. ಡೊಂಕು ಫಿಲ್ಮು ಗಾಜಿಗೆ ತಾಗಿದ ಕಡೆ ನೀರಿನ ಮೇಲೆ ಸೀಮೆಎಣ್ಣೆ ಬಿದ್ದಂತೆ ಉಂಗುರಗಳೆದ್ದವು. ಪೆಟ್ಟಿಗೆಯ ಮೇಲೆ ಬರೆದ ಅಂಕಿಯ ಅರ್ಧದಷ್ಟು ವಿವರವೂ ಸಿಗಲಿಲ್ಲ. ಜೋಳದ ಕಾಳು ಜೋಳದ ಹಿಟ್ಟಾಯಿತು. ಕುಟುಂಬದ ದೊಡ್ಡ ಪ್ರಿಂಟುಗಳಿಗೆ, ದೊಡ್ಡ ನೆಗೆಟಿವ್‌ಗಳಿಗೆ ಆ ಯಂತ್ರ ಸಾಕು. ಮೂವತ್ತೈದರ ಫಿಲ್ಮಿನೊಳಗಿನ ಸಣ್ಣ ಮುಖಕ್ಕೆ ಫಿಲ್ಮಿಗೆಂದೇ ಮಾಡಿದ ಸ್ಕ್ಯಾನರೇ ಬೇಕು. ಸೋಲಾಪುರದಲ್ಲಿ ಒಂದು ಹಳೆಯ ಲ್ಯಾಬು ಬಾಗಿಲು ಮುಚ್ಚುತ್ತಿತ್ತು. ಅಲ್ಲಿಂದ ಒಂದನ್ನು ತಂದೆ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು. ಪಕ್ಕದಲ್ಲಿ ಕುಳಿತವರು ಒಳಗೆ ದೇವರಿದ್ದಾನೇನೋ ಎಂದು ಕಾಲು ಮುದುಡಿಕೊಂಡರು.

ಆ ಭಾನುವಾರ ನೀಲಮ್ಮ ಹತ್ತು ಗಂಟೆಗೆ ಬಂದರು. ಕರೆಂಟಿತ್ತು. ಕಂಪ್ಯೂಟರ್ ಎದ್ದಿತು. ನೆಗೆಟಿವ್ ಸೀಳಲಿಲ್ಲ, ಬೂಸ್ಟು ಹಿಡಿದಿರಲಿಲ್ಲ. ಗಾಳಿ ಊದುವ ರಬ್ಬರ್ ಬುಗ್ಗೆಯಿಂದ ಧೂಳು ಹಾರಿಸಿದೆ. ಸ್ಕ್ಯಾನರಿನೊಳಗೆ ಫಿಲ್ಮನ್ನು ಹಿಡಿದಿಡುವ ಚೌಕಟ್ಟಿನಲ್ಲಿ ಇಟ್ಟರೆ ಅದರ ನಡು ಕಮಾನಿನಂತೆ ಎದ್ದು ನಿಂತಿತು. ಹಾಗೆ ಮಾಡಿದೆ, ಹೀಗೆ ಮಾಡಿದೆ, ಕೊನೆಗೆ ಮಗುಚಿ ಇಟ್ಟಾಗ ಸಪಾಟಾಗಿ ಕುಳಿತಿತು. ಧೂಳು ತೆಗೆಯುವ ಸೌಲಭ್ಯ ಬಂದ್ ಮಾಡಿದ್ದೇನೆಯೇ ಎಂದು ಮೂರು ಸಲ ನೋಡಿದೆ. ಚಿತ್ರವನ್ನು ತಾನಾಗಿ ಚೂಪು ಮಾಡುವುದನ್ನೂ ನಿಲ್ಲಿಸಿದೆ. ಯಂತ್ರ ನಿಧಾನವಾಗಿ ಹೊರಟಿತು.

"ಅಣ್ಣಾರ, ಉಸಿರಾಡ್ರಿ" ಎಂದರು ನೀಲಮ್ಮ.

ಪರದೆಯ ಮೇಲೆ ಮೊದಲು ಗೋಡೆ ಬಂತು, ಬಾಗಿಲು ಬಂತು, ಎರಡು ಗೀಟಿನ ಪಾಟಿ ಬಂತು. ಮುಖದಷ್ಟನ್ನೇ ದೊಡ್ಡದು ಮಾಡಿದೆ. ಕಣ ಕಣವಾಗಿತ್ತು, ಇರಲಿ, ಫಿಲ್ಮಿನ ಕಣ ಸುಳ್ಳು ಹೇಳುವುದಿಲ್ಲ. ಗದ್ದದ ಮೇಲೆ ಹಚ್ಚೆಯ ಚುಕ್ಕಿ. ಹುಬ್ಬಿನ ಮೇಲೆ ಕಲೆ. ಬಿಸಿಲಿಗೆ ಕಣ್ಣು ಸಣ್ಣ ಮಾಡಿ, ಯಾರೋ ಗಾಬರಿಯ ಹುಡುಗನನ್ನು ನೋಡಿ ನಗು ತಡೆದುಕೊಂಡ ಬಾಯಿ. ಆ ಹುಡುಗ ನಾನು.

ನೀಲಮ್ಮ ಕುರ್ಚಿಯನ್ನು ಪರದೆಯ ಹತ್ತಿರ ಎಳೆದುಕೊಂಡು ಕುಳಿತರು. ಬಲಗೈ ತಾನಾಗಿ ತಲೆಯ ಮೇಲೆ ಹೋಯಿತು, ಬೈತಲೆಯ ಮೇಲೆ ನಿಂತಿತು. "ಬಂದ್ಳ್ರಿ" ಎಂದರು.

ಪ್ರಿಂಟ್ ತೆಗೆದು ಕೊಟ್ಟೆ. ಇಪ್ಪತ್ತೆಂಟರ ಹಾಳೆಯನ್ನು ಹರಿದು ಒಗೆಯುವ ಸಂತೋಷದಲ್ಲಿ, ನೆಗೆಟಿವನ್ನು ಕವರಿನಲ್ಲಿಡಲು ಸ್ಕ್ಯಾನರಿನ ಚೌಕಟ್ಟು ತೆರೆದೆ. ಮಂಕು ಬದಿ ಮೇಲಾಗಿ ನನ್ನನ್ನೇ ನೋಡುತ್ತಿತ್ತು.

ಹೊಳೆಯುವ ಬದಿ ಮೇಲಿರಬೇಕಿತ್ತು. ಡೊಂಕು ತೆಗೆಯಲೆಂದು ಮಗುಚಿ ಇಟ್ಟದ್ದು ಸರಿಯೇ. ಹಾಗೆ ಇಟ್ಟರೆ ಚಿತ್ರದ ಎಡ ಬಲಕ್ಕೆ, ಬಲ ಎಡಕ್ಕೆ ಹೋಗುತ್ತದೆ. ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿ ತಿರುಗಿಸಬೇಕು. ಒತ್ತಲು ಮರೆತಿದ್ದೆ. ಪಾಟಿಯ ಅಂಕಿಯಾದರೂ ಹೇಳಬೇಕಿತ್ತು, ಆದರೆ ಎರಡು ನೆಟ್ಟನೆ ಗೀಟುಗಳು ಯಾವ ಕಡೆಯಿಂದ ನೋಡಿದರೂ ಹನ್ನೊಂದೇ. ಒಳಗಿನಿಂದ ನನ್ನ ಹೆಂಡತಿ ಬಂದು ಚೌಕಟ್ಟು ನೋಡಿದಳು, ನನ್ನನ್ನು ನೋಡಿದಳು. "ದನಾ ಕಾಯಾಕ ಹೋಗ್ರಿ ಅನ್ನಾಕ ಬರೂದಿಲ್ಲ" ಎಂದಳು. "ಅಲ್ಲೂ ಹಿಂದು ಮುಂದು ನೋಡಬೇಕಂತ."

ನಾನು ನೀಲಮ್ಮನವರ ಕೈಯಿಂದ ಪ್ರಿಂಟನ್ನು ಹೆಚ್ಚು ಕಡಿಮೆ ಕಸಿದುಕೊಂಡೆ. "ಎರಡು ನಿಮಿಷ ಅಕ್ಕೋರ, ಇದು ತಿರುವುಮುರುವಾಗೇತಿ, ಸರಿ ಮಾಡಿ ಕೊಡತೇನಿ." ತಿರುಗಿಸಿದೆ, ಇನ್ನೊಂದು ಪ್ರಿಂಟ್ ತೆಗೆದೆ. ಮೇಜಿನ ಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟೆ.

ಅವರು ಸರಿಯಾದದ್ದನ್ನು ನೋಡಿದರು. ತಪ್ಪಿದ್ದನ್ನು ನೋಡಿದರು.

"ಇದೂ ಅವ್ವನರಿ" ಎಂದರು ಸರಿಯಾದದ್ದರ ಮೇಲೆ ಬೆರಳಿಟ್ಟು. "ಆದ್ರ ಇದು ಮಂದಿ ನೋಡಿದ ಅವ್ವ. ನನ್ನ ತಲಿ ಹಿಕ್ಕುವಾಗ ಅಕಿ ಹಿಂದ ಕುಂದರತಿದ್ಲು, ಕನ್ನಡಿ ನನ್ನ ಕೈಯಾಗ ಇರತಿತ್ತು. ಉಳದ ಹೊತ್ತಿನ್ಯಾಗ ಅಕಿ ಹೊಲದಾಗ, ಒಲಿ ಮುಂದ, ಮಾರಿ ಎಲ್ಲಿ ತೋರಸತಿದ್ಲು? ನಾ ಅಕಿನ್ನ ನೋಡಿದ್ದೆಲ್ಲಾ ಕನ್ನಡಿಯಾಗ. ನನಗ ಆ ಮೊದಲಿಂದು ಕೊಡ್ರಿ."

"ಅದು ತಪ್ಪೈತ್ರಿ ಅಕ್ಕೋರ. ಫೋಟೋ ಅಂದ್ರ ಇದ್ದದ್ದು ಇದ್ದಂಗ ಇರಬೇಕು. ನಾ ಮೂವತ್ತು ವರ್ಷ ಇದನ್ನ ಹೇಳಕೋತ ಬಂದೇನಿ."

"ಹೇಳಕೋತ ಇರ್ರಿ ಅಣ್ಣಾರ. ನಾ ಬ್ಯಾಡ ಅಂದೇನೇನು?" ತಪ್ಪಿದ್ದನ್ನು ತೆಗೆದು ಚೀಲದೊಳಗಿನ ಹಾಜರಿ ಪುಸ್ತಕದ ನಡುವೆ ಇಟ್ಟುಕೊಂಡರು. ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ, "ಪಾಟಿ ಇನ್ನೂ ಬರಬೇಕು" ಎಂದರು.

ಸರಿಯಾದ ಪ್ರಿಂಟು ನನ್ನ ಮೇಜಿನ ಡ್ರಾಯರಿನಲ್ಲಿದೆ. ಹಿಂಬದಿಗೆ ಪೆನ್ಸಿಲಿನಿಂದ "ಸರಿ" ಎಂದು ಬರೆದಿಟ್ಟಿದ್ದೇನೆ. ಈವರೆಗೆ ಯಾರೂ ಕೇಳಿಲ್ಲ. ಭೂಕಂಪವೂ ಸೇರಿ ಇಪ್ಪತ್ತೆಂಟರಲ್ಲಿ ಒಂದೂ ಆಗದ ಆ ಭಾನುವಾರ ಆದ ತಪ್ಪು ಇಷ್ಟೇ: ಮಂಕು ಬದಿ ಮೇಲಾಗಿತ್ತು.